ಲದ್ದಿಯಿಂದ ಶುರುವಾದ ನೇಮಕಾತಿ ಪತ್ರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ಮಧುಗಿರಿಯಿಂದ ಪುರವರಕ್ಕೆ ಹೋಗುವ ರಸ್ತೆಯ ಪಕ್ಕ, ಅಪ್ಪನ ಕಾಲದ ಹೊಲದಲ್ಲಿ ನಾನು ಕುದುರೆ ಸವಾರಿ ಕಲಿಸುವ ಶಾಲೆ ತೆರೆದಾಗ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹುರುಳಿ ಬೆಳೆಯೋ ಹೊಲದಾಗೆ ಹುರುಳಿ ತಿನ್ನೋವನ್ನ ತಂದು ಕಟ್ಟವ್ಳಲ್ಲಪ್ಪಾ" ಎಂದರು. ನಗಲಿ ಬಿಡಿ. ಈಗ ಅವರ ಮಕ್ಕಳೇ ಶನಿವಾರ, ಭಾನುವಾರ ಹೆಲ್ಮೆಟ್ ಹಾಕಿಕೊಂಡು ನನ್ನ ಬೇಲಿಯ ಹತ್ತಿರ ಸಾಲಾಗಿ ನಿಲ್ಲುತ್ತಾರೆ.

ನಾಲ್ಕು ಕುದುರೆ, ಇಬ್ಬರು ಕೆಲಸದವರು. ಒಬ್ಬರು ಶಿರಾದ ಚಾಚಾ. ಒಂದು ಕಾಲಕ್ಕೆ ಜಟಕಾ ಓಡಿಸುತ್ತಿದ್ದವರು. ಲಾಳ, ಜೀನು, ಲಗಾಮು ಎಲ್ಲ ಅವರ ಉಸ್ತುವಾರಿ. ಇನ್ನೊಬ್ಬಳು ಚನ್ನರಾಯನದುರ್ಗದಿಂದ ದಿನಾ ಬೆಳಗಿನ ಬಸ್ಸಿಗೆ ಬರುವ ಹೆಂಗಸು. ಮೂವತ್ತರ ಆಸುಪಾಸಿನವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ಲಾಯ ಗುಡಿಸುವುದಕ್ಕೆಂದು ಸೇರಿಸಿಕೊಂಡಿದ್ದೆ. ಅವಳೋ, ನಾನು ಮಾಡುವುದನ್ನೂ ಚಾಚಾ ಮಾಡುವುದನ್ನೂ ನೋಡಿ ನೋಡಿಯೇ ಒಂದು ವರ್ಷದೊಳಗೆ ಸವಾರಿ ಕಲಿತು, ಚೂಡಿದಾರದ ಕೆಳಗೆ ನನ್ನ ಹಳೆಯ ಬೂಟು ತೊಟ್ಟು, ಮಕ್ಕಳ ಪಕ್ಕದಲ್ಲಿ ಓಡಾಡತೊಡಗಿದಳು.

ಅವಳದೊಂದು ಕ್ರಮವಿತ್ತು. ನಮ್ಮ ಕಡೆ ಎದುರಿಗೆ ಸಿಕ್ಕವರನ್ನು "ಊಟ ಆಯ್ತಾ?" ಎಂದು ಕೇಳದೆ ಮಾತು ಶುರುವಾಗುವುದಿಲ್ಲವಷ್ಟೆ? ಅವಳು ಕುದುರೆಗೂ ಅದೇ ಮರ್ಯಾದೆ ಕೊಡಿಸುತ್ತಿದ್ದಳು. ಹತ್ತುವ ಮುಂಚೆ ಮಗು ಕುದುರೆಯ ಕತ್ತಿನ ಮೇಲೆ ಕೈಯಿಟ್ಟು ಊಟ ಆಯಿತಾ ಎಂದು ಕೇಳಬೇಕು, ತಾನು ಏನು ತಿಂದೆ ಅಂತಲೂ ಹೇಳಬೇಕು. ಕುದುರೆಯ ಕಿವಿ ಮಗುವಿನ ಕಡೆ ತಿರುಗುವವರೆಗೂ ಕಾಯಬೇಕು. ಆಮೇಲೆ ಜೀನಿನಿಂದ ಇಳಿಬಿದ್ದ ರಿಕಾಪಿಗೆ ಕಾಲಿಟ್ಟು ಹತ್ತುವುದು. ಎಂಟು ಮಕ್ಕಳ ಇಡ್ಲಿ, ಚಿತ್ರಾನ್ನ, ರಾಗಿ ಮುದ್ದೆಯ ವರದಿ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಸರಿದಿರುತ್ತಿತ್ತು. ನಾನು ಗಡಿಯಾರ ನೋಡಿಕೊಂಡು ಹಲ್ಲು ಕಡಿಯುತ್ತಿದ್ದೆ.

ಹೀಗಿರುವಾಗ ಅಪಘಾತ ವಿಮೆ ಮಾಡಿಸಲು ಬಂದವರು, ಕೆಲಸದವರ ನೇಮಕಾತಿ ಪತ್ರ ತೋರಿಸಿ ಎಂದರು. ಪತ್ರವೇ ಇರಲಿಲ್ಲ. ಎಲ್ಲ ಬಾಯಿಮಾತಿನಲ್ಲೇ ನಡೆದಿತ್ತು. ಛೆ, ಎಂಥ ಯಜಮಾನತಿ ನಾನು ಅನ್ನಿಸಿತು. ಆ ವಾರವೇ ಕೂತು ಇಬ್ಬರಿಗೂ ಪತ್ರ ಬರೆದೆ. ವಾರಕ್ಕೊಂದು ರಜೆ, ಚಾಚಾಗೆ ಶುಕ್ರವಾರ, ಅವಳಿಗೆ ಸೋಮವಾರ. ಕೆಲಸದ ಗಂಟೆ ಇಷ್ಟೇ. ಕುದುರೆ ಒದ್ದರೆ, ಬಿದ್ದು ಪೆಟ್ಟಾದರೆ ಆಸ್ಪತ್ರೆಯ ಖರ್ಚು ಶಾಲೆಯದು. ಹೊಸ ಬೂಟು, ಹೊಸ ಹೆಲ್ಮೆಟ್ಟು. ಕೊನೆಗೆ ಅವರವರ ಕೆಲಸದ ಪಟ್ಟಿ. ಮೊಹರು ಒತ್ತಿ ಶುಕ್ರವಾರ ಸಂಜೆ ಇಬ್ಬರ ಕೈಗೂ ಇತ್ತಾಗ ನನಗೆ ನನ್ನ ಮೇಲೇ ಭಾರಿ ಹೆಮ್ಮೆ.

ಶನಿವಾರ ಬೆಳಗಿನ ಬಸ್ಸು ಬಂತು, ಅವಳು ಬರಲಿಲ್ಲ. ಫೋನು ಮಾಡಿದರೆ, "ನಾನು ಬರಲ್ಲ ಅಕ್ಕಾ. ಸೋಮವಾರದಿಂದ ಗಾರ್ಮೆಂಟ್ಸಿಗೆ ಹೋಯ್ತೀನಿ" ಎಂದವಳೇ ಇಟ್ಟುಬಿಟ್ಟಳು. ನನ್ನ ಪಿತ್ತ ನೆತ್ತಿಗೇರಿತು. ರಜೆ ಕೊಟ್ಟೆ, ವಿಮೆ ಕೊಟ್ಟೆ, ಇನ್ನೇನು ತಲೆ ಮೇಲೆ ಹೊತ್ತುಕೊಂಡು ಮೆರವಣಿಗೆ ಮಾಡಬೇಕಿತ್ತೇ?

ಅವತ್ತಿನ ತರಗತಿಯನ್ನು ನಾನೇ ತೆಗೆದುಕೊಂಡೆ. ಊಟದ ವಿಚಾರಣೆ ಏನೂ ಇಲ್ಲ, ಹತ್ತಿ, ಬೆನ್ನು ನೆಟ್ಟಗೆ, ನಡೀರಿ! ಮೊದಲನೆಯ ಹುಡುಗಿ ಅತ್ತಳು. ಎರಡನೆಯವನು ಹತ್ತಿದ, ಕೆಂದು ಕುದುರೆ ಒಂದು ಹೆಜ್ಜೆ ಮುಂದಿಡದೆ ಬೇಲಿಯ ಹುಲ್ಲು ಮೇಯುತ್ತ ನಿಂತಿತು. ಮೂರನೆಯವಳು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಮಿಸ್ಸು ಬರ್ಲಿ, ಆಮೇಲೆ ಹತ್ತೀನಿ" ಎಂದಳು. ಮಿಸ್ಸಂತೆ! ನನ್ನನ್ನು ಅವರು ಆಂಟಿ ಎನ್ನುತ್ತಿದ್ದರು.

ತರಗತಿ ಕೈಬಿಟ್ಟು ಬಂದು ಲಾಯದ ಕಟ್ಟೆಯ ಮೇಲೆ ಕೂತೆ. ಚಾಚಾ ಜೀನಿಗೆ ಎಣ್ಣೆ ತಿಕ್ಕುತ್ತಿದ್ದರು. "ಮೇಡಂ, ನಂದು ಕಾಗಜ್‌ನಾಗೆ ಎಲ್ಲ ಬರಾಬರ್ ಐತೆ. ಜುಮ್ಮಾ ರಜೆ ಅಂತ ನೋಡಿ ಬಹುತ್ ಖುಷಿ ಆಯ್ತು. ಆ ಬೇಟಿದು ಕಾಗಜ್ ಒಂದ್ ಸಲ ಓದಿ ನೋಡಿ" ಎಂದರು. ಅವಳು ಹೋಗುವಾಗ ಅವರಿಗೆ ತೋರಿಸಿದ್ದಳಂತೆ.

ಅವಳ ಪತ್ರದ ನನ್ನ ಪ್ರತಿಯನ್ನು ತೆಗೆದು ಓದಿದೆ. ಕೆಲಸದ ಪಟ್ಟಿಯಲ್ಲಿ ಹದಿಮೂರು ಅಂಶಗಳಿದ್ದವು. ಒಂದು: ಪ್ರತಿದಿನ ಲದ್ದಿ ಎತ್ತುವುದು. ಎರಡು: ಲಾಯ ಗುಡಿಸುವುದು. ಮೂರು: ಮೇವು, ನೀರು. ಹೀಗೇ ಸಾಗಿ ಹದಿಮೂರಕ್ಕೆ ಬಂದರೆ: ಮಕ್ಕಳೊಂದಿಗೆ ಅನಗತ್ಯ ಮಾತುಕತೆಯಲ್ಲಿ ಸಮಯ ವ್ಯರ್ಥ ಮಾಡಬಾರದು. ಅಯ್ಯೋ ಶಿವನೇ! ಅವಳನ್ನು ಸೇರಿಸಿಕೊಂಡ ದಿನದ ಕೆಲಸವನ್ನೇ ಬರೆದಿದ್ದೆ. ಅವಳು ಇವತ್ತು ಮಾಡುವ, ಮಕ್ಕಳಿಗೆ ಕಲಿಸುವ ಕೆಲಸವನ್ನು ಮಾಡಬಾರದು ಎಂದು ಬರೆದಿದ್ದೆ.

ಸ್ಕೂಟರ್ ಹತ್ತಿ ಚನ್ನರಾಯನದುರ್ಗಕ್ಕೆ ಹೊರಟೆ. ತಪ್ಪು ನನ್ನದು ಅಂತ ಗೊತ್ತಿದ್ದೂ, ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತವಳನ್ನು ಕಂಡ ಕೂಡಲೇ ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. "ಹಿಂಗಾ ನಡುನೀರಲ್ಲಿ ಕೈಬಿಡೋದು?" ಎಂದು ಗದರಿದೆ. ಅವಳು ತಲೆಯೆತ್ತಿ, "ಬನ್ನಿ ಅಕ್ಕಾ, ಊಟ ಆಯ್ತಾ?" ಎಂದಳು. ಇಲ್ಲ ಎಂದೆ. ಬೆಳಗ್ಗೆ ಏನು ತಿಂದಿರಿ ಎಂದಳು. ಉಪ್ಪಿಟ್ಟು ಎಂದೆ. ನನ್ನ ಉಸಿರು ತಹಬಂದಿಗೆ ಬರುವವರೆಗೂ ಅವಳು ಸುಮ್ಮನೆ ಕಾದಳು. ಕುದುರೆಗೆ ಮಾಡುವುದನ್ನೇ ನನಗೂ ಮಾಡುತ್ತಿದ್ದಾಳೆ ಎಂದು ತಡವಾಗಿ ಹೊಳೆಯಿತು.

"ಲದ್ದಿ ಎತ್ತೋಕೆ ನಂಗೇನ್ ನಾಚ್ಕೆ ಇಲ್ಲ ಅಕ್ಕಾ. ಮನೇಲಿ ಸಗಣಿ ಎತ್ತಲ್ವಾ? ಆದ್ರೆ ಆ ಎಂಟು ಮಕ್ಳನ್ನ ಕುದ್ರೆ ಹತ್ಸಿದ್ದು ಯಾರು? ಮನೇಲಿ ನಂದು ಕಲ್ಸೋ ಕೆಲ್ಸ ಅಂತ್ಲೇ ಹೇಳ್ಕಂಡಿದ್ದೆ. ಕಾಗ್ದ ತಂದಾಗ ನಮ್ಮತ್ತೆ, 'ಏನಂತ ಬರ್ದವ್ರೆ, ಓದು' ಅಂದ್ರು. ಹೆಂಗೆ ಓದ್ಲಿ? ಮಡ್ಚಿ ಇಟ್ಬುಟ್ಟೆ."

ನನಗೆ ನಾಚಿಕೆಯಾಯಿತು. ಕಣ್ಣಲ್ಲಿ ನೀರೂ ಬಂತು. "ತಪ್ಪಾಯ್ತು ಕಣಮ್ಮ" ಎಂದೆ. ಈ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಬಹಳ ಅಪರೂಪ. ಆ ಪತ್ರವನ್ನು ಹರಿದು ಒಲೆಗೆ ಹಾಕು, ನಿನ್ನ ಕೆಲಸ ಏನೆಂದು ನೀನೇ ಬರೆದುಕೊಂಡು ಬಾ, ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ ಎಂದೆ. ಅವಳು ನಕ್ಕಳು, ಆದರೆ "ನೋಡ್ತೀನಿ" ಎಂದಳಷ್ಟೆ. ಸಂಜೆಯೆಲ್ಲ ಆ ನೋಡ್ತೀನಿಗೆ ನಾನಾ ಅರ್ಥ ಕಟ್ಟಿಕೊಂಡು ಒದ್ದಾಡಿದೆ.

ಭಾನುವಾರ ಬಸ್ಸು ನಿಂತಿತು. ಮೊದಲು ಇಳಿದವರು ಅವಳ ಅತ್ತೆ. ಹಿಂದೆಯೇ ಅವಳು, ಕೈಯಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ. ಎಲ್ಲರೆದುರಿಗೆ ಓದಬೇಕೆಂದು ಷರತ್ತು ಹಾಕಿದಳು. ಮಕ್ಕಳು, ಅವರ ಅಪ್ಪ ಅಮ್ಮಂದಿರು, ಚಾಚಾ ಎಲ್ಲರ ಮುಂದೆ ನಾನೇ ಗಟ್ಟಿಯಾಗಿ ಓದಿದೆ. ಒಂದು: ಮಕ್ಕಳಿಗೆ ಸವಾರಿ ಕಲಿಸುವುದು. ಎರಡು: ಕುದುರೆಗೆ ಸುಸ್ತಾಗಿದೆ ಎಂದು ನಾನು ಹೇಳಿದ ದಿನ ಅದಕ್ಕೆ ಜೀನು ಹಾಕಬಾರದು. ಮೂರು: ಬೈಯುವುದಿದ್ದರೆ ಲಾಯದ ಹಿಂದಕ್ಕೆ ಕರೆದು ಬೈಯುವುದು, ಮಕ್ಕಳೆದುರಿಗೆ ಬೇಡ. ನಾಲ್ಕು: ಲದ್ದಿ, ಮೂವರೂ ಸರದಿಯ ಮೇಲೆ.

"ಮೂವರೂ" ಎಂಬಲ್ಲಿ ನಾನು ತಡವರಿಸಿದೆ. "ವ್ಹಾ ಬೇಟಿ!" ಎಂದು ಚಾಚಾ ಚಪ್ಪಾಳೆ ತಟ್ಟಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಲ್ಲೇ ಚಾಚಾನ ಬೆನ್ನಿನ ಮೇಲೆ ಹಾಳೆಯಿಟ್ಟು ಸಹಿ ಹಾಕಿದೆ. ನನ್ನ ಸರದಿ ಅವತ್ತಿನಿಂದಲೇ.

ತರಗತಿ ಶುರುವಾಯಿತು. ಓಟದಲ್ಲಿ ಹೇಗೆ ಕೂರಬೇಕೆಂದು ಮಕ್ಕಳಿಗೆ ತೋರಿಸಲು ನಾನು ಕೆಂದು ಕುದುರೆ ಹತ್ತಿ ಸುತ್ತು ಹೊಡೆದೆ. ನಡುವೆ ನಿಂತ ಅವಳು ಕೂಗಿದಳು, "ಅಕ್ಕಾ, ಹಿಮ್ಮಡಿ ಮೇಲಕ್ಕೋಗೈತೆ! ಕೆಳಕ್ಕೆ ಇಳ್ಸಿ!"

ಇಪ್ಪತ್ತು ವರ್ಷದಿಂದ ಕುದುರೆ ಬೆನ್ನ ಮೇಲೆ ಇರುವವಳು ನಾನು. ನೋಡಿದೆ, ನಿಜಕ್ಕೂ ಮೇಲೆ ಹೋಗಿತ್ತು. ಇಳಿಸಿದೆ.

ಬೇಲಿಯ ಹತ್ತಿರ ಹೊಸದಾಗಿ ಮಗಳನ್ನು ಸೇರಿಸಲು ಬಂದಿದ್ದ ತಾಯಿಯೊಬ್ಬಳು ಪಕ್ಕದವರನ್ನು ಕೇಳುತ್ತಿದ್ದಳು, "ಯಾರಮ್ಮಾ ಅವ್ಳು, ಯಜಮಾನ್ತಿಗೇ ಹಿಂಗೆ ಹೇಳ್ತಾವ್ಳೆ?"

ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದರು, "ನಮ್ ಸೊಸೆ ಕಣಮ್ಮ. ಇಲ್ಲಿ ಮೇಷ್ಟ್ರು."