ಬಿಸಿಲು ಕೂಡಿಡುವ ಕೆಲಸ

ಲ್ಯಾಬಿನಲ್ಲಿದ್ದವರೆಲ್ಲ ಎದ್ದು ಕಿಟಕಿಗೆ ಓಡಿದಾಗ ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡೆ. ಬಿಸಿಲು ಬಂದಿತ್ತು, ಅಷ್ಟೆ. ಮೋಡಗಳ ನಡುವೆ ಸ್ವಲ್ಪ ಹೊತ್ತು ಸೂರ್ಯ ಇಣುಕಿದರೆ ಸಿಯಾಟಲ್‌ನವರು ಅದನ್ನು ‘ಸನ್‌ಬ್ರೇಕ್’ ಎನ್ನುತ್ತಾರೆ; ಹವಾಮಾನ ವರದಿಯಲ್ಲೂ ಅದೇ ಮಾತು. ಪಾವಗಡದಲ್ಲಿ ಹುಟ್ಟಿ ಬೆಳೆದ ನನಗೆ ಬಿಸಿಲೆಂದರೆ ಸೆರಗು ಹೊದ್ದು ತಪ್ಪಿಸಿಕೊಳ್ಳಬೇಕಾದದ್ದು.

ನಾನು ಇಲ್ಲಿಗೆ ಬಂದದ್ದೂ ಆ ಬಿಸಿಲಿಗಾಗಿಯೇ. ನಮ್ಮೂರ ಸುತ್ತ ಕಣ್ಣು ಹಾಯುವಷ್ಟು ದೂರ ಸೋಲಾರ್ ಫಲಕಗಳಿವೆ; ಸಂಜೆಯಾದರೆ ಅವು ಸುಮ್ಮನಾಗುತ್ತವೆ. ಹಗಲಿನ ವಿದ್ಯುತ್ತನ್ನು ಕೂಡಿಡುವ ಒಂದು ಬಗೆ ಫ್ಲೋ ಬ್ಯಾಟರಿ. ಎರಡು ತೊಟ್ಟಿಗಳಲ್ಲಿ ವನೇಡಿಯಂ ಎಂಬ ಲೋಹ ಕರಗಿಸಿದ ಆಮ್ಲ. ಪಂಪುಗಳು ಅದನ್ನು ತೆಳು ಪೊರೆಯೊಂದರ ಎರಡೂ ಬದಿಗೆ ಹರಿಸುತ್ತವೆ. ಶಕ್ತಿ ಆ ದ್ರಾವಣದಲ್ಲೇ ಉಳಿಯುತ್ತದೆ. ಬಳಸುತ್ತಾ ಹೋದಂತೆ ಬ್ಯಾಟರಿ ಎಷ್ಟು ಸೊರಗುತ್ತದೆ ಎಂದು ಗಣಿತದ ಸಮೀಕರಣಗಳಿಂದ ಮೊದಲೇ ಹೇಳುವುದು ನನ್ನ ಕೆಲಸ.

ಹೇಳಲಾಗಲಿಲ್ಲ. ಕಂಪ್ಯೂಟರಿನಲ್ಲಿ ಕಟ್ಟಿದ ನನ್ನ ಮಾದರಿಯಲ್ಲಿ ಬ್ಯಾಟರಿ ಗಟ್ಟಿಯಾಗಿತ್ತು. ಮೇಜಿನ ಮೇಲಿದ್ದದ್ದು ವಾರವಾರಕ್ಕೂ ಸೊರಗುತ್ತಿತ್ತು. ಚಳಿಗಾಲವಿಡೀ ಹೀಗೇ. ನಮ್ಮ ಪ್ರೊಫೆಸರ್ ಒಳ್ಳೆಯ ಹೆಂಗಸು, ದನಿ ಎತ್ತಿದವರಲ್ಲ. “ಇಂಟರೆಸ್ಟಿಂಗ್” ಎನ್ನುತ್ತಿದ್ದರು. ಇಲ್ಲಿ ಆ ಮಾತಿಗೆ ‘ಸರಿಯಿಲ್ಲ’ ಎಂಬ ಅರ್ಥವೂ ಇದೆಯೆಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಊರಿನ ಕಾಲೇಜಿನಲ್ಲಾದರೆ ಪ್ರಿನ್ಸಿಪಾಲರು ಚೆನ್ನಾಗಿ ಬೈದು, ಆಮೇಲೆ ಕಾಫಿ ಕುಡಿಸುತ್ತಿದ್ದರು. ವಸಂತದೊಳಗೆ ಮಾದರಿ ಹೊಂದದಿದ್ದರೆ ಪ್ರಾಜೆಕ್ಟ್ ಮುಚ್ಚುತ್ತದೆ ಎಂದೂ ಇವರು ಅದೇ ಮೆಲುದನಿಯಲ್ಲಿ ಹೇಳಿದರು. ಪ್ರಾಜೆಕ್ಟ್ ಹೋದರೆ ವೀಸಾ ಹೋದಂತೆ.

ಮನೆಯಲ್ಲಿ ಮಂಜುನಾಥ. ಪಾವಗಡದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದ ನನ್ನ ಗಂಡ ಇಲ್ಲಿ ‘ಡಿಪೆಂಡೆಂಟ್’. ಹೆಂಡತಿಯ ವೀಸಾದ ಆಸರೆಯಲ್ಲಿ ಬಂದವರು, ಕೆಲಸ ಮಾಡುವಂತಿಲ್ಲ. ಬೀದಿಗಿಳಿದರೆ ನಮಸ್ಕಾರ ಮಾಡಿಸಿಕೊಳ್ಳುತ್ತಿದ್ದವರಿಗೆ ಈಗ ಮಾತಿಗೆ ಸಿಗುವವಳು ಮಗಳೊಬ್ಬಳೇ. ಅವಳೂ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ.

“ಆಗ್ಲಿಲ್ಲ ಅಂದ್ರೆ ಹೋಗೋಣ ಬಿಡು. ನನ್ನ ಸ್ಕೂಲ್ ಇನ್ನೂ ಅಲ್ಲೇ ಇದೆ” ಎಂದರು ಒಮ್ಮೆ.

“ಅಲ್ಲಿ ಹೋಗಿ ನಾನೇನ್ ಮಾಡ್ಲಿ ರೀ? ಇದನ್ನ ಬಿಟ್ರೆ ನಂಗಿನ್ನೇನೂ ಬರಲ್ಲ.”

ಒಂದು ಬೆಳಿಗ್ಗೆ ಬಸ್ಸು ಸೌತ್ ಲೇಕ್ ಯೂನಿಯನ್ ಬಡಾವಣೆ ದಾಟುವಾಗ ಅಳು ಬಂತು. ತಡೆಯಲಾಗಲಿಲ್ಲ. ಪಕ್ಕದವಳು ನನ್ನತ್ತ ನೋಡದೆ ಟಿಶ್ಯೂ ಚಾಚಿ, ಮತ್ತೆ ಫೋನಿಗೆ ತಲೆ ತಗ್ಗಿಸಿದಳು. ನಮ್ಮ ಕಡೆಯ ಬಸ್ಸಾಗಿದ್ದರೆ “ಯಾಕಮ್ಮಾ, ಏನಾಯ್ತು?” ಎಂದು ಹಿಂದಿನ ಸೀಟಿನವರೂ ಕೇಳುತ್ತಿದ್ದರು.

ಅಂದು ಕಂಪ್ಯೂಟರ್ ತೆರೆಯಲು ಧೈರ್ಯವಾಗದೆ ತೊಟ್ಟಿಗಳ ಮುಂದೆ ಸುಮ್ಮನೆ ಕೂತೆ. ಒಂದರಲ್ಲಿ ದ್ರಾವಣದ ಮಟ್ಟ ಮೇಲಿತ್ತು, ಇನ್ನೊಂದರಲ್ಲಿ ಕೆಳಗೆ. ಪೊರೆಯ ಮೂಲಕ ನೀರೂ ದಾಟುತ್ತದೆಂದು ಗೊತ್ತಿದ್ದದ್ದೇ. ಅಲ್ಪವೆಂದು ಲೆಕ್ಕದಿಂದ ಕೈಬಿಟ್ಟಿದ್ದೆ. ಅಲ್ಪವಾಗಿರಲಿಲ್ಲ. ಅದನ್ನು ಸಮೀಕರಣಕ್ಕೆ ಸೇರಿಸಲು ವಾರಗಳೇ ಹಿಡಿದವು. ಕಡೆಗೊಂದು ಮಧ್ಯಾಹ್ನ ಪರದೆಯ ಮೇಲೆ ನನ್ನ ಲೆಕ್ಕದ ಗೆರೆ ಪ್ರಯೋಗದ ಚುಕ್ಕೆಗಳ ಮೇಲೆ ಬಂದು ಕೂತಿತು. ಪ್ರೊಫೆಸರ್ ಅಪ್ಪಿಕೊಂಡರು. ಪ್ರಾಜೆಕ್ಟ್ ಉಳಿಯಿತು.

ಮನೆಗೆ ಓಡಿ ಬಂದು ಹೇಳಿದೆ. ಮಂಜುನಾಥ ಸಾರು ಕುದಿಸುತ್ತಿದ್ದರು. ಒಲೆ ಆರಿಸಿದರು, ಮತ್ತೆ ಹಚ್ಚಿದರು.

“ಒಳ್ಳೇದಾಯ್ತು. ನಿಜವಾಗ್ಲೂ ಒಳ್ಳೇದಾಯ್ತು” ಎಂದರು. “ಹೆಡ್‌ಮಾಸ್ಟ್ರಿಗೆ ಜೂನ್‌ನಲ್ಲಿ ಬರ್ತೀನಿ ಅಂದಿದ್ದೆ. ಕಾಲ್ ಮಾಡಿ ಬರಲ್ಲ ಅಂತ ಹೇಳ್ತೀನಿ.”

ಆ ಚಳಿಗಾಲದಲ್ಲಿ ಲ್ಯಾಬಿನ ಬಾಗಿಲು ತಳ್ಳುವಾಗ ಎಷ್ಟೋ ಸಲ, ಈ ಗೆರೆ ಹೊಂದದೇ ಹೋಗಲಿ, ಹೊರಟೇಬಿಡೋಣ ಎಂದು ನಾನೂ ಬೇಡಿಕೊಂಡಿದ್ದೆ. ಅದನ್ನು ಅವರಿಗೆ ಹೇಳಲು ಇವತ್ತಿಗೂ ಆಗಿಲ್ಲ.