ಬಚ್ಚಲುಮನೆಯ ಹಿಡಿತ

ಹಿಟ್ಟಿನ ಗಿರಣಿಯ ಬೆಲ್ಟಿಗೆ ಸಿಕ್ಕಿ ಅವಳ ಬಲಗೈಯ ಉಂಗುರದ ಬೆರಳು ಅರ್ಧಕ್ಕೇ ತುಂಡಾಗಿತ್ತು. ಆರೈಕೆಯ ಕೆಲಸಕ್ಕೆ ಬಂದ ಮೊದಲ ದಿನವೇ ಆ ಮನೆಯ ಮುದುಕಿ, ನಿವೃತ್ತ ಲೆಕ್ಕದ ಟೀಚರು, ಹೆಬ್ಬೆರಳು ಬಿಟ್ಟು ಎಣಿಸಿ, "ಮೂರೂವರೆ" ಎಂದರು. ಅದೇ ಅವಳ ಹೆಸರಾಯಿತು.

ಟೀಚರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿತ್ತು. ಹಿಂದಿನ ಕೆಲಸದವಳದು ಹೂವಿನಂಥ ಕೈ. ಬಚ್ಚಲಲ್ಲಿ ಅವರನ್ನು ಜಾರಿಸಿ ಸೊಂಟ ಮುರಿಸಿದ್ದಳು. ಮೂರೂವರೆ ಹಾಗಲ್ಲ. ಅವಳು ತೋಳಿಗೆ ಕೈ ಹಾಕಿದರೆ ಟೀಚರು ಸ್ನಾನದ ಸ್ಟೂಲಿನಿಂದ ಗಾಲಿಕುರ್ಚಿಗೆ ಬಂದು ಕೂತಂತೆಯೇ. ಬಚ್ಚಲಿಗೆ ಕರೆದೊಯ್ಯುವುದು ಶನಿವಾರ ಒಂದೇ ದಿನ. ಉಳಿದ ದಿನ ಹಾಸಿಗೆಯಲ್ಲೇ ಮೈ ಒರೆಸುವುದು, ಮೊಟ್ಟೆಯನ್ನು ನುಣ್ಣಗೆ ಕಿವುಚಿ ಬಲಗೆನ್ನೆಯ ಕಡೆಯಿಂದ ತಿನ್ನಿಸುವುದು, ನುಂಗಿದ್ದು ಖಾತ್ರಿಯಾದ ಮೇಲೇ ಮುಂದಿನ ಚಮಚ. ಹನ್ನೊಂದು ವರ್ಷದ ಕಸುಬಿನಲ್ಲಿ ಯಾರೂ ಅವಳ ಕಡೆ ಬೆರಳು ತೋರಿಸಿರಲಿಲ್ಲ. ಅದರ ಜಂಬವೂ ಅವಳಿಗಿತ್ತು.

ಡಾಕ್ಟರು ರಕ್ತ ತೆಳುವಾಗಿಸುವ ಹೊಸ ಮಾತ್ರೆ ಬರೆದುಕೊಟ್ಟ ತಿಂಗಳು, ಒಂದು ಸೋಮವಾರ, ಟೀಚರ ಎಡದೋಳಿನ ಮೇಲೆ ನೀಲಿಗಟ್ಟಿದ ಕಲೆ ಕಂಡಿತು. ಭಾನುವಾರ ಅವಳಿಗೆ ರಜೆ. ಅಂದು ನೋಡಿಕೊಳ್ಳುವವಳು ಸೊಸೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮರು ಸೋಮವಾರವೂ ಕಲೆ. ಯಾರು ಮಾಡಿದ್ದೆಂದು ಕೇಳಿದರೆ ಟೀಚರು ಗೋಡೆ ನೋಡಿದರು. ಇನ್ನೇನು ಬೇಕು? ಇದು ಸೊಸೆಯದೇ ಕೆಲಸವೆಂದು ಮೂರೂವರೆ ಟೀಚರ ಮಗನ ಕಿವಿಗೆ ಹಾಕಿದಳು.

ಮನೆ ಹೊತ್ತಿಕೊಂಡಿತು. ಗಂಡ ಹೆಂಡತಿ ಮುಖ ಕೊಟ್ಟು ಮಾತಾಡುವುದು ನಿಂತಿತು. ಮುಂದಿನ ವಾರ, ಶನಿವಾರ, ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಕಳಿಸುವುದೆಂದು ಮಗ ಗೊತ್ತುಮಾಡಿದ. ಸೊಸೆ ವಾದಕ್ಕಿಳಿಯಲಿಲ್ಲ. ಅದಕ್ಕೆ ಮುಂಚಿನ ಭಾನುವಾರ ಅತ್ತೆಯ ಕೋಣೆಗೆ ಕಾಲೇ ಇಡಲಿಲ್ಲ. ಮಗನೇ ತಿನ್ನಿಸಿದ, ಒರೆಸಿದ. ತೋಳಿಗೆ ಕೈ ಹಾಕಲು ಹೆದರಿದ.

ಸೋಮವಾರ ಮೂರೂವರೆ ಅಂಗಿ ಕಳಚಿದಳು. ಹೊಸ ಕಲೆ.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಮಗ್ಗುಲು ಹೊರಳಿಸಲು ಅಭ್ಯಾಸದಂತೆ ತೋಳಿಗೆ ಕೈ ಹಾಕಿದಳು. ಹೆಬ್ಬೆರಳು ಒಂದು ಕಲೆಯ ಮೇಲೆ ಕೂತಿತು. ತೋರುಬೆರಳು ಇನ್ನೊಂದರ ಮೇಲೆ, ನಡುಬೆರಳು ಮತ್ತೊಂದರ ಮೇಲೆ. ಕಿರುಬೆರಳಿಗೂ ಒಂದಿತ್ತು. ತುಂಡು ಬೆರಳು ತಲುಪದ ಜಾಗದಲ್ಲಿ ಚರ್ಮ ಬೆಳ್ಳಗೆ ಉಳಿದಿತ್ತು.

ಹೊಸ ಮಾತ್ರೆ ಶುರುವಾದ ಮೇಲೆ ಶನಿವಾರದ ಅವಳ ಹಿಡಿತ ಹೀಗೆ ನೀಲಿಗಟ್ಟಲು ಎರಡು ದಿನ ತೆಗೆದುಕೊಂಡಿತ್ತು, ಅಷ್ಟೆ.

"ನಿಮಗೆ ಗೊತ್ತಿತ್ತಾ?"

"ನನ್ನ ತೋಳು ಕಣೇ. ಗೊತ್ತಿಲ್ದೆ ಇರುತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮೆಲ್ಲಗೆ ಹಿಡೀತಿದ್ದೆ. ಮೆಲ್ಲಗೆ ಹಿಡಿದೋಳು ಏನ್ ಮಾಡಿದ್ಳು ಅಂತ ನನ್ನ ಸೊಂಟನ ಕೇಳು."

"ನಿಮ್ ಸೊಸೆ ಸುಮ್ ಸುಮ್ನೆ ಬೈಸ್ಕೊಂಡ್ರಲ್ಲ."

"ಬೈಸ್ಕೊಂಡು ಯಾರೂ ಸಾಯಲ್ಲ. ನಾನು ಬಿದ್ರೆ ಸಾಯ್ತೀನಿ." ಟೀಚರು ಸೇರಿಸಿದರು, "ಕೇಂದ್ರಕ್ಕೆ ಕಳಿಸ್ತಾನೆ ಅಂತ ಮಾತ್ರ ಅಂದ್ಕೊಂಡಿರ್ಲಿಲ್ಲ."

ಮುದುಕಿಯ ಕಲ್ಲು ಮನಸ್ಸಿಗೆ ಮೂರೂವರೆ ಬೆಚ್ಚಿಬಿದ್ದಿದ್ದಳು, ನಿಜ. ಆದರೆ ಕಲೆ ಮಾಡಿದ್ದು ತನ್ನ ಕೈ, ಚಾಡಿ ಹೇಳಿದ್ದು ತನ್ನ ಬಾಯಿ. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವಂತಿರಲಿಲ್ಲ. ಶನಿವಾರ ಟೀಚರು ಹೋಗುತ್ತಾರೆ, ಸೊಸೆಯ ಹೆಸರು ಹಾಗೇ ಕೆಟ್ಟಿರುತ್ತದೆ.

ಎದ್ದು ಹೋಗಿ ಸೊಸೆಯನ್ನು ಹೊಲಿಗೆ ಯಂತ್ರದ ಮುಂದಿನಿಂದ ಎಬ್ಬಿಸಿಕೊಂಡು ಬಂದಳು. ಕಲೆಗಳ ಮೇಲೆ ಕೈ ಇಟ್ಟು ತೋರಿಸಿದಳು. ಸೊಸೆ ಬಹಳ ಹೊತ್ತು ನೋಡಿದಳು.

"ನಂಗೆ ತೋರಿಸಿ ಏನುಪಯೋಗ? ಹೋದ ಸಲ ಹೇಳಿದ ಹಾಗೇ, ನೀನೇ ಅವರಿಗೆ ಹೇಳು."

ಮೂರೂವರೆ ಮಗನಿಗೆ ಫೋನು ಮಾಡಿದಳು. ಕಲೆ ಮಾಡಿದ್ದು ಯಾರು ಎಂದು ಅವನು ಎರಡು ಸಲ ಕೇಳಿದ. ಎರಡು ಸಲವೂ ನಾನೇ ಎಂದಳು.

ಶನಿವಾರ ಕೇಂದ್ರದ ಗಾಡಿ ಬರಲಿಲ್ಲ. ಬಚ್ಚಲಲ್ಲಿ ಟೀಚರ ಮುಂದೆ ನಿಂತ ಮೂರೂವರೆಯ ಕೈ ಅರ್ಧಕ್ಕೇ ನಿಂತುಬಿಟ್ಟಿತು.

"ಹಿಡಿಯೇ," ಎಂದರು ಟೀಚರು, ತರಗತಿಯ ಸ್ವರದಲ್ಲಿ.

ಸೊಸೆ ಒಳಗೆ ಬಂದು ಅತ್ತೆಯ ಸೊಂಟಕ್ಕೆ ದಪ್ಪ ಟವೆಲ್ಲು ಸುತ್ತಿದಳು. ಮೂರೂವರೆಯ ಮುಖ ನೋಡದೆ, ತೋಳಿನ ಬದಲು ಹಿಡಿದೆತ್ತಲೆಂದು ಒಂದು ತುದಿಯನ್ನು ಅವಳ ಕಡೆ ಚಾಚಿದಳು.