ನಕ್ಕು ಸಹಿ ಹಾಕಿದ ರಾಜೀನಾಮೆ

ಬಾ ಕಪೆಂಬ್ವಾ ಅವರ ಸಂಬಳ ವಿಭಾಗವನ್ನು ಬಿಟ್ಟು ಯಾರೂ ಹೋಗುವುದಿಲ್ಲ ಎಂಬುದು ನಮ್ಮ ತಾಮ್ರ ಗಣಿಗಳ ಊರು ಕಿಟ್ವೆಯಲ್ಲೆಲ್ಲ ಹೆಸರಾದ ಮಾತು. ನಮ್ಮಲ್ಲಿ ದೊಡ್ಡವರ ಹೆಸರಿನ ಮುಂದೆ ಮರ್ಯಾದೆಗೆ 'ಬಾ' ಸೇರಿಸುತ್ತೇವೆ. ಇವರು ಆ 'ಬಾ'ವನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರೆಂದರೆ, ಒಳಗೆ ಬಂದವರಿಗೆ 'ಹೋಗು' ಎನ್ನುವ ಪದವೇ ಅವರ ಬಾಯಲ್ಲಿರಲಿಲ್ಲ. ರಜೆಗೂ.

ಗಣಿಗಳಿಗೆ ಯಂತ್ರದ ಬಿಡಿಭಾಗ ಒದಗಿಸುವ ನಮ್ಮ ಕಂಪನಿಯಲ್ಲಿ ಮಿಕ್ಕ ವಿಭಾಗದವರು ಮಿನಿಬಸ್ಸಿನ ಜನರ ಹಾಗೆ ಹತ್ತಿ ಇಳಿಯುತ್ತಿದ್ದರು. ನನ್ನ ಉಗ್ರಾಣದಲ್ಲಂತೂ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಮನುಷ್ಯ ಇಳಿದಿರುತ್ತಿದ್ದ. ಗೋಡೆಯಾಚೆಯ ಸಂಬಳದವರು ಮಾತ್ರ ಅಲ್ಲಾಡುತ್ತಿರಲಿಲ್ಲ. ಹಿರಿಯ ಗುಮಾಸ್ತ ಬಾ ಲೊಂಬೆ, ಹೊಸ ಹುಡುಗಿ ಚಿಷಾಲಾ, ಇವರಿಬ್ಬರ ನಡುವೆ ಎಸ್ನಾರ್ಟ್ ಷಾವಾ. ಎಸ್ನಾರ್ಟ್ ಕೂತಿರುವ ತನಕ ಯಾರ ಸಂಬಳದಲ್ಲೂ ತಪ್ಪು ನುಸುಳುತ್ತಿರಲಿಲ್ಲ. ನಮ್ಮಲ್ಲಿ ತಪ್ಪು ಕಡಿತ ಎಂದರೆ ಸೊಳ್ಳೆಯದು ಮಾತ್ರ.

ಕಪೆಂಬ್ವಾ ಬೆಂಬಾ ಬುಡಕಟ್ಟಿನವರು, ಎಸ್ನಾರ್ಟ್ ನ್ಗೋನಿ. ಎರಡೂ ಕಡೆಯ ಅಜ್ಜಂದಿರು ಒಂದು ಕಾಲದಲ್ಲಿ ಈಟಿ ಹಿಡಿದು ಹೊಡೆದಾಡಿದವರಾದ್ದರಿಂದ ಮೊಮ್ಮಕ್ಕಳು ಈಗ ಬೈದಾಡುವ ನೆಂಟರು. ಹಾದಿಯಲ್ಲಿ, ಮದುವೆಯಲ್ಲಿ, ಹೆಣದ ಮುಂದೆ ಕೂಡ ಪರಸ್ಪರ ಏನು ಬೇಕಾದರೂ ಅನ್ನಬಹುದು. ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. ಬೆಂಬಾದವರು ಕೋತಿ ತಿನ್ನುವವರು, ನ್ಗೋನಿಯವರು ಇಲಿ ತಿನ್ನುವವರು, ಇದು ಇಬ್ಬರೂ ಒಪ್ಪಿಕೊಂಡ ವಂಶಾವಳಿ.

"ಏನು ಕೋತಿ ತಿನ್ನೋರೇ, ಬಾಲ ಮಡಚಿಟ್ಟು ಬಂದ್ರಾ?" ಎಂದು ಬೆಳಿಗ್ಗೆ ಅವಳು ಶುರು ಮಾಡುವಳು.

"ಬಾಮ್ಮಾ ಇಲಿರಾಣಿ, ಬಿಲದಿಂದ ಏಳೋಕೆ ಇಷ್ಟು ಹೊತ್ತಾ?"

ಗೋಡೆಯೀಚೆ ನಮಗೆ ಅದೇ ಆಫೀಸಿನ ಗಂಟೆ.

ಒಂದು ಸಲ, ಸಂಬಳದ ಲೆಕ್ಕ ಮುಗಿಸುವ ವಾರದಲ್ಲಿ, ಎಸ್ನಾರ್ಟ್ ಎದ್ದು ನಿಂತು, "ನಾಳೆ ನನ್ನ ತಾಯಂದಿರ ದಿನ ತಗೋತೀನಿ" ಎಂದಳು. ಕೆಲಸದ ಹೆಂಗಸರಿಗೆ ತಿಂಗಳಿಗೊಂದು ದಿನ ಸಿಗುವ ರಜೆ ಅದು. ಯಾಕೆ ಎಂದು ಯಾರೂ ಕೇಳಬಾರದು. ಕಪೆಂಬ್ವಾ ಕೇಳಲಿಲ್ಲ. ಕಾರಣವನ್ನು ತಾವೇ ಒದಗಿಸಿದರು.

"ಇಲಿ ಬೇಟೆನಾ? ಸಂಬಳ ಆಗೋ ತನಕ ನಿಮ್ಮ ಇಲಿಗಳು ಎಲ್ಲೂ ಓಡಿಹೋಗಲ್ಲ, ಕೂತ್ಕೋ ಕೂತ್ಕೋ."

ಕೋಣೆಯೆಲ್ಲ ನಕ್ಕಿತು. ಎಸ್ನಾರ್ಟ್ ಕೂಡ ನಕ್ಕಳು. "ನಿಮ್ಮ ಬಾಲ ಉದ್ದ ಆಯ್ತು. ಒಂದಿನ ಬಾಗಿಲಿಗೆ ಸಿಕ್ಕಾಕ್ಕೊಳ್ಳುತ್ತೆ ನೋಡಿ" ಎಂದು ಕೂತಳು. ಮರುದಿನ ಕೆಲಸಕ್ಕೂ ಬಂದಳು. ವಿಷಯ ಮುಗಿಯಿತು ಎಂದು ಕಪೆಂಬ್ವಾ ತಿಳಿದರು.

ಆಮೇಲಿನ ತಿಂಗಳು ಅವರಿಗೆ ಎಂಡೋಲಾ ಪಟ್ಟಣದಿಂದ ಕರೆ ಬಂತು. ತಾಮ್ರ ಸೀಮೆಯ ಸಂಬಳ ವಿಭಾಗದ ಮುಖ್ಯಸ್ಥರೆಲ್ಲ ಸೇರುವ ಸಭೆಯಲ್ಲಿ, ಒಳ್ಳೆಯ ಕೆಲಸಗಾರರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಇವರು ಮಾತಾಡಬೇಕು. ಕಪೆಂಬ್ವಾ ಹೊಸ ಟೈ ತಂದರು. ಸಭೆಗೆ ಎರಡು ದಿನ ಮೊದಲು ಎಸ್ನಾರ್ಟ್ ಮೇಜಿನ ಮೇಲೆ ಒಂದು ಕಾಗದ ಇಟ್ಟಳು.

"ಕೋತಿ ತಿನ್ನೋರೇ, ನಾನು ಕೆಲಸ ಬಿಡ್ತಾ ಇದೀನಿ. ಸಹಿ ಹಾಕಿ."

ಕಪೆಂಬ್ವಾ ಓದಿದರು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅದಕ್ಕೂ ಕಾರಣವಿತ್ತು. ಹಿಂದೊಮ್ಮೆ ಒಬ್ಬರ ಸಾವಿನ ಮನೆಯಲ್ಲಿ ಇದೇ ಎಸ್ನಾರ್ಟ್ ಕಪೆಂಬ್ವಾ ಅವರನ್ನು ಒಂದು ಮೇಕೆಗೆ ಮಾರಿದ್ದೇನೆಂದು ಪತ್ರ ಬರೆದು, ಅಳುತ್ತಿದ್ದವರಿಂದಲೇ ಸಾಕ್ಷಿ ಸಹಿ ಹಾಕಿಸಿದ್ದಳು. ಇದೂ ಅಂಥದ್ದೇ ಎಂದುಕೊಂಡು ಅವರು ದೊಡ್ಡದಾಗಿ ಸಹಿ ಹಾಕಿ, ಕೆಳಗೆ "ಸಂತೋಷದಿಂದ ಒಪ್ಪಿದ್ದೇನೆ. ಇಲಿಗಳಿಗೆ ನನ್ನ ಸಂತಾಪ" ಎಂದು ಬರೆದುಕೊಟ್ಟರು.

"ನಾನು ನಿಜವಾಗಿ ಹೇಳ್ತಿದೀನಿ."

"ನಾನೂ ನಿಜವಾಗೇ ಹಾಕಿದೀನಿ ಮಾರಾಯ್ತಿ! ಹೋಗು, ಹೋಗು!"

ಅವಳು ಕಾಗದವನ್ನು ಮಡಚಿಕೊಂಡು ನೇರ ಸಿಬ್ಬಂದಿ ಕಚೇರಿಗೆ ಹೋದಳು. ಅಲ್ಲಿಯವರು ಮೇಲಧಿಕಾರಿಯ ಸಹಿ ನೋಡಿ, ನೋಟಿಸಿನ ದಿನಗಳಿಗೆ ಅವಳ ಉಳಿದ ರಜೆಯನ್ನೆಲ್ಲ ಹೊಂದಿಸಿ, ಅಂದೇ ಅವಳನ್ನು ಬಿಡುಗಡೆ ಮಾಡಿದರು. ಮರುದಿನ ಅವಳ ಕುರ್ಚಿ ಖಾಲಿ ಇದ್ದಾಗ ಕಪೆಂಬ್ವಾ, "ನಾಟಕ ಜೋರಾಗೇ ಇದೆ" ಎಂದು ಮೆಚ್ಚಿಕೊಂಡರಂತೆ.

ಎಂಡೋಲಾಕ್ಕೆ ಅವರನ್ನು ನನ್ನ ಪಿಕಪ್ಪಿನಲ್ಲಿ ಕರೆದೊಯ್ದವನು ನಾನು. ಅವರ ಕಾರು ಗ್ಯಾರೇಜಿನಲ್ಲಿತ್ತು. ಭಾಷಣ ಚೆನ್ನಾಗಿತ್ತು. "ಭಯದಿಂದ ಯಾರೂ ಉಳಿಯಲ್ಲ, ನಗುವಿನಿಂದ ಉಳೀತಾರೆ" ಎಂದರು. "ಮೊನ್ನೆ ನನ್ನ ಅತ್ಯುತ್ತಮ ಕೆಲಸಗಾರ್ತಿ ರಾಜೀನಾಮೆ ಪತ್ರವನ್ನೇ ಮುಖಕ್ಕೆ ಹಿಡಿದಳು. ನಾನು ಸಹಿ ಹಾಕಿಕೊಟ್ಟೆ! ಅಷ್ಟು ಸಲಿಗೆ ನಮ್ಮಲ್ಲಿ." ಚಪ್ಪಾಳೆ ಬಿತ್ತು.

ಚಹದ ಹೊತ್ತಿಗೆ ಲಾರಿ ಕಂಪನಿಯೊಂದರ ಶ್ರೀಮತಿ ನಮುಕೋಲೋ ಬಟ್ಟಲು ಹಿಡಿದು ಹತ್ತಿರ ಬಂದರು. ಅವರ ಕಿಟ್ವೆ ಶಾಖೆ ನಮ್ಮ ಗೇಟಿನ ಎದುರಿಗೇ ಇದೆ.

"ಬಾ ಕಪೆಂಬ್ವಾ, ತಪ್ಪು ತಿಳೀಬೇಡಿ. ಆ ಕಾಗದದ ನಕಲು ನಾನು ನೋಡಿದೀನಿ."

"ಯಾವ ಕಾಗದ?"

"ಇಲಿಗಳಿಗೆ ಸಂತಾಪ ಅಂತ ಬರೆದಿದ್ರಲ್ಲ, ಅದು. ಒಂದನೇ ತಾರೀಕಿಂದ ಎಸ್ನಾರ್ಟ್ ನಮ್ಮಲ್ಲಿ. ನಿಮಗೆ ಹೇಳಿದೀನಿ ಅಂದ್ಲು." ಆಕೆ ಸುತ್ತ ನೋಡಿ ಧ್ವನಿ ತಗ್ಗಿಸಿದರು. "ಹೇಳಿದಾಳೆ ತಾನೇ?"

ಕಪೆಂಬ್ವಾ ಕೈಯಲ್ಲಿ ಅರ್ಧ ಕಚ್ಚಿದ ಬನ್ ಇತ್ತು. ಅದನ್ನು ತಿನ್ನಲೂ ಇಲ್ಲ, ಇಡಲೂ ಇಲ್ಲ. ಅಷ್ಟರಲ್ಲಿ ಇನ್ನಾರೋ ಬಂದು ಅವರ ಬೆನ್ನು ತಟ್ಟಿ, "ಭಲೇ ಮಾತಾಡಿದ್ರಿ, ಆ ರಾಜೀನಾಮೆ ಕಥೆ!" ಎಂದು ನಕ್ಕರು.

ಶನಿವಾರ ಎಸ್ನಾರ್ಟ್ ಮನೆಗೆ ಹೋಗಲು ಅವರು ಮತ್ತೆ ನನ್ನ ಪಿಕಪ್ ಹತ್ತಿದರು. ದಾರಿಯಲ್ಲಿ ಚಿಮ್ವೆಮ್ವೆ ಮಾರುಕಟ್ಟೆಯಲ್ಲಿ ಇಳಿದು, ಕಡ್ಡಿಗೆ ಸಿಕ್ಕಿಸಿದ ಒಣ ಇಲಿಗಳ ಒಂದು ಸಾಲು ಕೊಂಡರು. ಬೈಗುಳದ ನೆಂಟಸ್ತಿಕೆಯಲ್ಲಿ ಕೆಟ್ಟದ್ದು ಬೈಗುಳದಿಂದಲೇ ಸರಿಹೋಗುತ್ತದೆ ಎಂಬ ಲೆಕ್ಕ. "ಇದನ್ನ ನೋಡಿದ ತಕ್ಷಣ ಬಾಯಿಗೆ ಬಂದ ಹಾಗೆ ಬೈತಾಳೆ. ಬೈದಳು ಅಂದ್ರೆ ವಾಪಸ್ ಬಂದಳು ಅಂತಲೇ" ಎಂದರು.

ಎಸ್ನಾರ್ಟ್ ಬಾಗಿಲಲ್ಲಿ ಮೊಣಕಾಲು ಬಗ್ಗಿಸಿ, ಅಪರಿಚಿತ ಹಿರಿಯರಿಗೆ ಮಾಡುವ ಹಾಗೆ, ಕೈ ತಟ್ಟಿ ನಮಸ್ಕರಿಸಿದಳು. "ಬನ್ನಿ ಸಾರ್. ಕೂತ್ಕೊಳ್ಳಿ ಸಾರ್."

ಇಷ್ಟು ವರ್ಷಗಳಲ್ಲಿ ಅವಳು ಅವರನ್ನು ಸಾರ್ ಅಂದದ್ದನ್ನು ನಾನು ಕೇಳಿರಲಿಲ್ಲ.

ಅಂಗಳದಲ್ಲಿ ಅವಳ ಮುದಿ ತಾಯಿ ಚಾಪೆಯ ಮೇಲೆ ಕೂತು ಬೆರಳಲ್ಲೇ ತಡವಿ ನೋಡುತ್ತ ನೆಲಗಡಲೆ ಸುಲಿಯುತ್ತಿದ್ದಳು. "ಇಲಿ ವಾಸನೆ! ಯಾರಪ್ಪಾ ಪುಣ್ಯಾತ್ಮ?"

"ನಾನಮ್ಮಾ, ನಿಮ್ಮ ಮಗಳ ಆಫೀಸಿನ ಕೋತಿ."

"ಓಹೋ, ಆ ದೊಡ್ಡ ಕೋತೀನಾ! ಹತ್ರ ಬಾ, ಮುಖ ಕಾಣಲ್ಲ. ಕಣ್ಣಿಗೆ ಪೊರೆ ಬಂದಿದೆ. ಕುಯ್ಯಿಸ್ಕೊಳ್ಳೋಕೆ ಅಂತ ಆಸ್ಪತ್ರೆಗೆ ಹೋಗಿ ಸಾಲಲ್ಲಿ ಕೂತಿದ್ದೆ. ಜೊತೇಲಿ ಯಾರೂ ಇಲ್ಲ ಅಂತ ವಾಪಸ್ ಅಟ್ಟಿಬಿಟ್ರು. ಇವಳನ್ನ ಅವತ್ತು ಆಫೀಸಲ್ಲಿ ಬಿಡ್ಲಿಲ್ವಂತೆ."

ಕಪೆಂಬ್ವಾ ಎಸ್ನಾರ್ಟ್ ಕಡೆ ತಿರುಗಿದರು. "ಯಾವತ್ತು?"

"ನೀವು ಇಲಿ ಬೇಟೆ ಅಂದ್ರಲ್ಲ ಸಾರ್, ಅದರ ಮಾರನೇ ದಿನ."

"ಹೇಳಬೇಕಾಗಿತ್ತು ಕಣಮ್ಮಾ."

"ಹೇಳೋಣ ಅಂತ ಬಾಯಿ ತೆಗ್ದೆ ಸಾರ್. ಎಲ್ರೂ ನಗ್ತಾ ಇದ್ರು. ನಾನೂ ನಗಬೇಕಾಯ್ತು."

ಕಪೆಂಬ್ವಾ ಇಲಿಗಳ ಕಡ್ಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಮುಂದಿನ ಸಲ ನಾನೇ ಅಮ್ಮನ್ನ ಕಾರಲ್ಲಿ..."

"ಬೇಡ ಸಾರ್. ಹೊಸ ಆಫೀಸಲ್ಲಿ ಆ ದಿನ ರಜೆ ಕೊಟ್ಟಿದಾರೆ."

ವಾಪಸ್ ಬಾ ಎಂದು ಕೇಳಲು ಬಂದವರು ಅದನ್ನು ಕೇಳಲೇ ಇಲ್ಲ. ಪಿಕಪ್ಪಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಊರೊಳಗೆ ಬಂದ ಮೇಲೆ, "ಬೈದಿದ್ರೆ ತಡ್ಕೋತಿದ್ದೆ ಕಣಯ್ಯಾ" ಎಂದರು.

ಸೋಮವಾರ ಬೆಳಿಗ್ಗೆ ಅವರು ಲೊಂಬೆ, ಚಿಷಾಲಾ ಇಬ್ಬರನ್ನೂ ಮೇಜಿನ ಮುಂದೆ ಕೂರಿಸಿಕೊಂಡರು. ಇದನ್ನೆಲ್ಲ ಆಮೇಲೆ ನನಗೆ ಹೇಳಿದವನು ಲೊಂಬೆ.

"ಇಷ್ಟು ದಿನ ನಂಗೆ ನಗ್ತಾ ನಗ್ತಾ ಹೇಳಿರೋದನ್ನೆಲ್ಲ ಇವತ್ತು ನಗದೇ ಹೇಳಿ. ನಾನೂ ನಗಲ್ಲ."

ಸಂಬಳದ ಕೋಣೆಯಲ್ಲಿ ಅಂಥ ನಗದು ವ್ಯವಹಾರ ಹಿಂದೆಂದೂ ನಡೆದಿರಲಿಲ್ಲ. ಲೊಂಬೆ ಕೆಮ್ಮಿದ, "ಏನೂ ಇಲ್ಲ ಸಾರ್, ಎಲ್ಲಾ ಚೆನ್ನಾಗಿದೆ" ಎಂದ. ಚಿಷಾಲಾ ಎದ್ದು ಬಾಗಿಲು ಹಾಕಿ ಬಂದು ಕೂತಳು.

"ಮೊದ್ಲು ನಮ್ಮ ಓವರ್‌ಟೈಮ್ ವಿಷ್ಯ ಹೇಳ್ಲಾ, ಇಲ್ಲಾ ಅವತ್ತು ಎಲ್ಲರ ಮುಂದೆ ನೀವು ನನ್ನ ಮೈ ಬಗ್ಗೆ ಆಡಿದ ತಮಾಷೆ ಹೇಳ್ಲಾ?"

ಕಪೆಂಬ್ವಾ ತಲೆ ಬಗ್ಗಿಸಿದರು. "ತಮಾಷೆಯಿಂದ್ಲೇ ಶುರು ಮಾಡು" ಎಂದರು.